ಅಭಯದಾನವೂ ಸ್ಥಳವಿವೇಕವೂ

ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ಚತುರ್ವಿಧ ದಾನಗಳಲ್ಲಿ ಅಭಯದಾನಕ್ಕೆ ಜೈನ ಪರಂಪರೆಯಲ್ಲಿ ವಿಶೇಷ ಗೌರವವಿದೆ. ಸಾಯಲಿರುವ ಜೀವಿಯನ್ನು ಬಿಡಿಸುವುದಕ್ಕಿಂತ ಮಿಗಿಲಾದ ಪುಣ್ಯಕಾರ್ಯವಿಲ್ಲವೆಂಬ ಭಾವನೆಯಿಂದಲೇ ಮೀನುಗಳನ್ನು ಹಣ ಕೊಟ್ಟು ಬಿಡಿಸಿ ಕೆರೆ, ಪುಷ್ಕರಿಣಿಗಳಿಗೆ ಬಿಡುವುದುಂಟು. ಆ ಕರುಣೆಯನ್ನು ಯಾರೂ ಹಳಿಯಲಾರರು. ಆದರೆ ಬಿಟ್ಟ ಜೀವಿ ಸೇರಿದ ನೀರಿನಲ್ಲಿ ಮೊದಲೇ ಬಾಳುತ್ತಿದ್ದ ಜೀವಿಗಳ ಪಾಡೇನು? ಒಂದು ಜೀವಕ್ಕೆ ಅಭಯವಿತ್ತ ಕೈ ಸಹಸ್ರ ಜೀವಗಳಿಗೆ ಭಯವನ್ನು ತಂದಿಟ್ಟರೆ ಅದನ್ನು ಏನೆಂದು ಕರೆಯಬೇಕು? ಉತ್ತರ ಅಮೆರಿಕದ ಮಹಾಸರೋವರಗಳ ವೃತ್ತಾಂತ ಈ ಪ್ರಶ್ನೆಯನ್ನು ಸ್ಪಷ್ಟವಾಗಿ ಮುಂದಿಡುತ್ತದೆ.

ಸುಪೀರಿಯರ್, ಮಿಷಿಗನ್, ಹ್ಯೂರಾನ್, ಈರಿ, ಒಂಟಾರಿಯೊ ಎಂಬ ಐದು ಸರೋವರಗಳಲ್ಲಿ ಭೂಮಿಯ ಮೇಲ್ಮೈಯ ಸಿಹಿನೀರಿನ ಸುಮಾರು ಐದನೆಯ ಒಂದು ಭಾಗ ಅಡಗಿದೆ. ಇವುಗಳಿಗೂ ಮಿಸಿಸಿಪಿ ನದಿಗೂ ನಡುವೆ ಇದ್ದ ನೆಲದ ತಡೆಯನ್ನು ಮನುಷ್ಯನೇ ಕಡಿದನು. ಷಿಕಾಗೊ ನಗರದ ಕೊಳಚೆ ಕುಡಿಯುವ ನೀರಿನ ಸರೋವರಕ್ಕೆ ಸೇರದಿರಲೆಂದು 1900ರಲ್ಲಿ ಕಾಲುವೆಯೊಂದನ್ನು ತೆರೆದು ಅಲ್ಲಿನ ನದಿಯ ಹರಿವನ್ನೇ ಹಿಂದಿರುಗಿಸಲಾಯಿತು. ಎರಡು ಜಲಲೋಕಗಳ ನಡುವೆ ಹೀಗೆ ಬಾಗಿಲು ತೆರೆಯಿತು.

ಮುಂದೆ 1970ರ ದಶಕದಲ್ಲಿ, ಕೊಳಗಳ ಪಾಚಿಯನ್ನು ಶುಚಿಗೊಳಿಸಲೆಂದು, ಏಷ್ಯಾದ ಬೆಳ್ಳಿಗೆಂಡೆ ಮತ್ತು ದೊಡ್ಡತಲೆಯ ಗೆಂಡೆ ಮೀನುಗಳನ್ನು ಅಮೆರಿಕದ ಆರ್ಕನ್ಸಾ ಪ್ರಾಂತಕ್ಕೆ ತಂದರು. ನೆರೆ ಬಂದಾಗ ಅವು ಕೊಳಗಳಿಂದ ತಪ್ಪಿಸಿಕೊಂಡು ನದಿ ಸೇರಿ, ಮಿಸಿಸಿಪಿಯಿಂದ ಇಲಿನಾಯ್ ನದಿಗೇರಿ, ಸರೋವರಗಳತ್ತ ಸಾಗಿದವು. ಈ ಮೀನುಗಳು ನೀರನ್ನೇ ಸೋಸಿ, ಅದರಲ್ಲಿ ತೇಲುವ ಸೂಕ್ಷ್ಮ ಜೀವಿಗಳನ್ನು ತಿಂದು ಬೆಳೆಯುತ್ತವೆ. ಅಲ್ಲಿನ ಮೂಲ ಮೀನುಗಳ ಮರಿಗಳಿಗೂ ಮೊದಲ ಆಹಾರ ಅದೇ. ಹೀಗೆ ಯಾರನ್ನೂ ಕಚ್ಚದೆಯೇ ಒಂದು ಜೀವಿ ಇನ್ನೊಂದರ ಬಾಯಿಂದ ತುತ್ತನ್ನು ಕಸಿಯುತ್ತದೆ.

ಇವುಗಳನ್ನು ತಡೆಯಲು ಕಾಲುವೆಯಲ್ಲಿ ವಿದ್ಯುತ್ ತಡೆಯೊಂದು 2002ರಿಂದ ಕೆಲಸ ಮಾಡತೊಡಗಿತು. 2009ರ ಡಿಸೆಂಬರಿನಲ್ಲಿ ತಡೆಯ ದುರಸ್ತಿಗಾಗಿ ವಿದ್ಯುತ್ತನ್ನು ನಿಲ್ಲಿಸಬೇಕಾದಾಗ, ಗೆಂಡೆ ನುಸುಳದಿರಲೆಂದು ಸುಮಾರು 9 ಕಿಲೋಮೀಟರ್ ಉದ್ದದ ನೀರಿಗೆ ಮೀನುಗಳನ್ನು ಕೊಲ್ಲುವ ವಿಷವನ್ನು ಬೆರೆಸಲಾಯಿತು. ಸಾವಿರಾರು ಮೀನುಗಳು ಸತ್ತು ತೇಲಿದವು. ಅವುಗಳ ನಡುವೆ ಸಿಕ್ಕಿದ ಏಷ್ಯಾದ ಗೆಂಡೆ ಒಂದೇ ಒಂದು. ಆರು ತಿಂಗಳಾಗುತ್ತಲೇ, 2010ರ ಜೂನ್‌ನಲ್ಲಿ, ತಡೆಯಿಂದಾಚೆಗಿನ ಕ್ಯಾಲುಮೆಟ್ ಸರೋವರದಲ್ಲಿ ಮತ್ತೊಂದು ಗೆಂಡೆ ಸಿಕ್ಕಿತು.

ಈ ವಧೆಯನ್ನು ಶ್ರಾವಕನು ಹೇಗೆ ನೋಡಬೇಕು? ಗೃಹಸ್ಥನಿಗೆ ಅನಿವಾರ್ಯವೆನಿಸುವ ವಿರೋಧಿ ಹಿಂಸೆ ಇದೆಂದು ಕೆಲವರು ಹೇಳಬಹುದು. ಆದರೆ ಗೆಂಡೆ ಶತ್ರುವಲ್ಲ; ಅದಕ್ಕೆ ವೈರಭಾವವಿಲ್ಲ, ಅದು ತಾನಾಗಿ ಆ ನಾಡಿಗೆ ಹೋದುದೂ ಅಲ್ಲ. ಸುಮ್ಮನಿದ್ದರೆ ಮೂಲ ಮೀನುಗಳು ಹಸಿವಿನಿಂದ ನಶಿಸುತ್ತವೆಂಬುದೂ ಸತ್ಯ. ಎರಡು ಕಡೆಯೂ ಜೀವಹಾನಿ ಇರುವಾಗ, ಕಡಿಮೆ ಹಾನಿಯ ದಾರಿಯನ್ನು ಹಿಡಿದವನನ್ನು ಕ್ರೂರಿಯೆನ್ನಲಾಗದು. ಆದರೆ ಅನಿವಾರ್ಯವಾದ ಮಾತ್ರಕ್ಕೆ ಹಿಂಸೆ ಅಹಿಂಸೆಯಾಗಿ ಮಾರ್ಪಡುವುದೂ ಇಲ್ಲ. ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರವು ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಾಣಹರಣದೊಡನೆ ಪ್ರಮಾದವನ್ನು, ಅಂದರೆ ಎಚ್ಚರಗೇಡಿತನವನ್ನು, ಜೋಡಿಸಿದೆ. ಆ ದೃಷ್ಟಿಯಿಂದ ನೋಡಿದರೆ ಈ ಹಿಂಸೆ ಮೊದಲಾದುದು ವಿಷ ಬೆರೆಸಿದ ದಿನವಲ್ಲ. ಒಂದು ನೀರಿನ ಜೀವಿಯನ್ನು ಮುಂದಾಲೋಚನೆಯಿಲ್ಲದೆ ಮತ್ತೊಂದು ನೀರಿಗೆ ತಂದಿಟ್ಟ ದಿನ.

ಆಸ್ರವ ಮತ್ತು ಸಂವರಗಳ ತತ್ತ್ವವೂ ಇಲ್ಲಿ ಬೆಳಕು ನೀಡುತ್ತದೆ. ಒಳಹರಿವನ್ನು ನಿಲ್ಲಿಸದೆ ಒಳಗಿರುವುದನ್ನು ಬರಿದುಮಾಡುವುದು ಮುಗಿಯದ ಶ್ರಮ. ಕಡಲಿನ ಲ್ಯಾಂಪ್ರೇ ಎಂಬ ರಕ್ತ ಹೀರುವ ಜೀವಿ ವೆಲೆಂಡ್ ಕಾಲುವೆಯ ಮಾರ್ಗವಾಗಿ ಬಂದು 1921ರಲ್ಲಿ ಈರಿ ಸರೋವರದಲ್ಲಿ ಕಾಣಿಸಿಕೊಂಡಿತು. ಅದರ ಮರಿಗಳನ್ನು ಕೊಲ್ಲಲು 1958ರಲ್ಲಿ ಹೊಳೆಗಳಿಗೆ ವಿಷ ಹಾಕತೊಡಗಿದವರು ಇಂದಿಗೂ ಹಾಕುತ್ತಲೇ ಇದ್ದಾರೆ. ಗೆಂಡೆಯನ್ನು ತಡೆಯಲು ಇಲಿನಾಯ್‌ನ ಬ್ರ್ಯಾಂಡನ್ ರೋಡ್ ಅಣೆಕಟ್ಟಿನ ಬಳಿ 100 ಕೋಟಿ ಡಾಲರಿಗೂ ಮಿಕ್ಕಿದ ವೆಚ್ಚದ ಯೋಜನೆ ರೂಪುಗೊಂಡಿದೆ. ವಿದ್ಯುತ್ತು, ಶಬ್ದ, ಗಾಳಿಗುಳ್ಳೆಗಳ ತೆರೆಯಿಂದ ಮೀನನ್ನು ಹಿಮ್ಮೆಟ್ಟಿಸುವುದು ಅದರ ಉದ್ದೇಶ. ಕೊಲ್ಲುವುದಕ್ಕಿಂತ ತಡೆಯುವುದು ಮೇಲು. ಬಾಗಿಲನ್ನೇ ತೆರೆಯದಿರುವುದು ಎಲ್ಲಕ್ಕಿಂತ ಮೇಲು.

ಈ ವಿವೇಕ ಜೈನ ಮನೆಗಳಿಗೆ ಹೊಸದಲ್ಲ. ನೀರನ್ನು ಸೋಸಿದ ಮೇಲೆ ಬಟ್ಟೆಯಲ್ಲಿ ಉಳಿದ ಜೀವರಾಶಿಯನ್ನು, ನೀರು ಸೇದಿದ ಬಾವಿಗೇ ಮೃದುವಾಗಿ ಮರಳಿಸಬೇಕೆಂಬ ಆಚಾರ ಹಿರಿಯರಿಂದ ಬಂದಿದೆ. ಒಂದು ಬಾವಿಯ ಜೀವವನ್ನು ಇನ್ನೊಂದು ಬಾವಿಗೆ ಸುರಿದರೆ ಎರಡಕ್ಕೂ ಘಾತವೆಂಬುದನ್ನು ಅವರು ಬಲ್ಲವರಾಗಿದ್ದರು. ಮುನಿಗಳು ಕಮಂಡಲುವನ್ನು ಇಡುವ ಮುನ್ನ ಪಿಂಛಿಯಿಂದ ನೆಲವನ್ನು ಸವರುತ್ತಾರೆ. ಎತ್ತುವಾಗಲೂ ಇಡುವಾಗಲೂ ಎಚ್ಚರವಿರಬೇಕೆಂಬ ಆದಾನ-ನಿಕ್ಷೇಪಣ ಸಮಿತಿ ಅದೇ. ಒಂದು ಕಮಂಡಲುವನ್ನು ಇಡಲು ಇಷ್ಟು ಎಚ್ಚರ ಬೇಕಾದರೆ, ಸಂತತಿಯನ್ನು ಬೆಳೆಸಬಲ್ಲ ಜೀವಿಯನ್ನು ಇಡಲು ಎಷ್ಟು ಬೇಕು!

ಕನ್ನಡ ನಾಡಿನ ಬಸದಿಗಳ ಕೆರೆ, ಪುಷ್ಕರಿಣಿಗಳಿಗೂ ಈ ಮಾತು ಅನ್ವಯಿಸುತ್ತದೆ. ತಿಲಾಪಿಯಾ ಮೀನು 1952ರಲ್ಲಿ ಭಾರತಕ್ಕೆ ಬಂದು ಇಂದು ಎಷ್ಟೋ ಕೆರೆಗಳನ್ನು ಆವರಿಸಿದೆ. ಆಫ್ರಿಕಾದ ಕ್ಯಾಟ್‌ಫಿಶ್ ಸಾಕಣೆಗೆ ದೇಶದಲ್ಲಿ ನಿಷೇಧವಿದ್ದರೂ ಅದು ಜಲಾಶಯಗಳಲ್ಲಿ ಸಿಗುತ್ತಿದೆ. ಗಾಜಿನ ತೊಟ್ಟಿಯಲ್ಲಿ ಸಾಕಿದ ಸಕರ್ ಮೀನು ದೊಡ್ಡದಾದಾಗ ಅದನ್ನು ಕೆರೆಗೆ ಬಿಡುವವರೂ ಕೊಲ್ಲಲಾರದ ಮೃದುಮನಸ್ಸಿನವರೇ. ಪೇಟೆಯಲ್ಲಿ ಜೀವಂತ ಸಿಗುವ ಮೀನು ಯಾವ ನೀರಿನದೆಂಬುದು ಕೊಳ್ಳುವವನಿಗೆ ತಿಳಿಯದು. ಬಿಡಿಸಿದಷ್ಟೂ ಮಾರುವವನು ಮತ್ತಷ್ಟು ಹಿಡಿದು ತರುವನು.

ಹಾಗಾದರೆ ಕರುಣೆಯನ್ನು ತೊರೆಯಬೇಕೆ? ಎಂದಿಗೂ ಇಲ್ಲ. ಪರನಾಡಿನ ಮೀನನ್ನು ಸಾಕಿದವರು ಅದರ ಆಯುಷ್ಯ ಮುಗಿಯುವವರೆಗೆ ತೊಟ್ಟಿಯಲ್ಲೇ ಪೋಷಿಸುವುದು ಧರ್ಮ. ಅಭಯದಾನಕ್ಕೆಂದು ತೆಗೆದಿಟ್ಟ ಹಣ ಕೆರೆಯ ಹೂಳೆತ್ತಲು, ನೀರನ್ನು ಶುದ್ಧವಾಗಿಡಲು ಸಲ್ಲಬಹುದು. ಅಲ್ಲಿನ ಜೀವಿಗಳೆಲ್ಲಕ್ಕೂ ಅದು ಅಭಯವೇ. ಬಸದಿಯ ಆಡಳಿತ ಮಂಡಳಿಗಳು ಹೊರಗಿನ ಮೀನನ್ನು ಪುಷ್ಕರಿಣಿಗೆ ಬಿಡಬಾರದೆಂದು ಫಲಕ ಹಾಕಿಸಬಹುದು. ಈಗಾಗಲೇ ಸೇರಿರುವ ಮೀನು ಮಳೆಗಾಲದಲ್ಲಿ ಹೊಳೆಗೆ ಹರಿದುಹೋಗದಂತೆ ಕೋಡಿಗೆ ಬಲೆ ಕಟ್ಟಿಸಬಹುದು. ಇವು ಸಣ್ಣ ಕೆಲಸಗಳು. ಮುಂದೆಂದೋ ಯಾರೋ ಆ ನೀರಿಗೆ ವಿಷ ಬೆರೆಸಬೇಕಾದ ದಿನ ಬರದಂತೆ ಇಂದು ಮಾಡಬಹುದಾದ ಜೀವದಯೆ ಇದೇ ಆಗಿದೆ.