ನಲವತ್ತೈದು ಡಿಗ್ರಿಯ ನ್ಯಾಯ

ಊರಿನ ಹಳೆಯ ಮನೆ ಕೆಡವಿದಾಗ ಉಳಿದ ತೇಗದ ಪಟ್ಟಿಗಳನ್ನು ಅಟ್ಟದ ಮೇಲೆ ಎತ್ತಿಟ್ಟಿದ್ದೆ. ಅಪ್ಪನ ಫೋಟೋಗೆ ಆ ಮರದಲ್ಲೇ ಕಟ್ಟು ಹಾಕಿಸಬೇಕೆಂದು ನನ್ನ ಹಟ. ಆಚಾರ್ರು ಬಂದು ಪಟ್ಟಿಗಳನ್ನು ತಿರುಗಿಸಿ ನೋಡಿದರು. ಎರಡು 3 ಇಂಚು ಅಗಲ, ಇನ್ನೆರಡು 2 ಇಂಚು. "ಅಗಲದ್ದು ಮೇಲೆ ಕೆಳಗೆ, ಸಪೂರದ್ದು ಪಕ್ಕಕ್ಕೆ ಹಾಕೋಣ" ಎಂದರು.

ಹೈಸ್ಕೂಲಿನಲ್ಲಿ 25 ವರ್ಷ ಗಣಿತ ಹೇಳಿದ ಬಾಯಿ ಸುಮ್ಮನಿದ್ದೀತೇ? "ಮೂಲೆ 90 ಡಿಗ್ರಿ ಅಲ್ಲವೇ ಆಚಾರ್ರೇ, ಎರಡನ್ನೂ 45ಕ್ಕೆ ಕೊಯ್ದರಾಯಿತು. ಅರ್ಧರ್ಧ" ಎಂದೆ.

ಅವರು ವಾದಿಸಲಿಲ್ಲ. ಅವೇ ಅಗಲದ ಎರಡು ಚೂರುಗಳನ್ನು 45ಕ್ಕೇ ಕೊಯ್ದು ಜೋಡಿಸಿ ತೋರಿಸಿದರು. ಮೂಲೆಮಟ್ಟ ಇಟ್ಟರೆ 90 ಸರಿಯಾಗಿಯೇ ಇತ್ತು. ಆದರೆ ಅಗಲದ್ದರ ಕೊಯ್ದ ಮುಖ 4 ಇಂಚಿಗೂ ಹೆಚ್ಚು, ಸಪೂರದ್ದು 3 ಇಂಚೂ ಇಲ್ಲ. ಒಂದರ ಮೂತಿ ಇನ್ನೊಂದನ್ನು ದಾಟಿ ಚಾಚಿಕೊಂಡಿತ್ತು. "ಅಗಲ ಒಂದೇ ಆದರೆ ನಿಮ್ಮ ಲೆಕ್ಕ ಸರಿ ಅಮ್ಮಾವ್ರೇ" ಎಂದರು.

ಆಮೇಲೆ ಒಂದು ಪಟ್ಟಿಯ ತುದಿಯ ಮೇಲೆ ಇನ್ನೊಂದನ್ನು ಅಡ್ಡವಿಟ್ಟು, ಒಳಮೂಲೆಗೊಂದು, ಹೊರಮೂಲೆಗೊಂದು ಗುರುತು ಹಾಕಿ, ಎರಡನ್ನೂ ಸೇರಿಸಿ ಗೆರೆ ಎಳೆದರು. ಗೆರೆ ಹಿಡಿದು ಗರಗಸ ಓಡಿತು. ಕೂಡಿಸಿದರೆ ಸಂದೇ ಕಾಣದು. ಸಂಜೆ ಕೋನಮಾಪಕ ಹಿಡಿದು ನೋಡಿದೆ (ಅಭ್ಯಾಸ ಬಿಡದು). ತುದಿಯನ್ನು ನೇರ ಕತ್ತರಿಸುವ ಗೆರೆಯಿಂದ ಅಗಲದ್ದು ಸುಮಾರು 34 ಡಿಗ್ರಿ ಓರೆಯಾಗಿತ್ತು, ಸಪೂರದ್ದು 56.

ಸಪೂರದ್ದೇ ಹೆಚ್ಚು ಓರೆಯಾಗಬೇಕಾಗಿತ್ತು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಅಪ್ಪ ಹೋದ ಮೇಲೆ ಅಮ್ಮ ನನ್ನಲ್ಲಿ ಆರು ತಿಂಗಳು, ತಂಗಿಯಲ್ಲಿ ಆರು ತಿಂಗಳು ಎಂದು ಗೊತ್ತು ಮಾಡಿದವಳು ನಾನೇ. ನಾವಿಬ್ಬರೇ ಹೆಣ್ಣುಮಕ್ಕಳು, ಸಮಪಾಲು ಎಂದು ನೆಂಟರ ಮುಂದೆ ಹೇಳಿಕೊಳ್ಳಲು ನನಗೆ ಹೆಮ್ಮೆ. ನಮ್ಮಲ್ಲಿ ಅಮ್ಮನಿಗೆ ಬೇರೆ ಕೋಣೆ, ಕೈಗೊಬ್ಬಳು ಕೆಲಸದವಳು. ತಂಗಿಯದು ಎರಡು ಕೋಣೆಯ ಬಾಡಿಗೆ ಮನೆ. ಅಮ್ಮ ಅಲ್ಲಿಗೆ ಹೋದರೆ ಅವಳ ಮಗ ಹಾಸಿಗೆ ಸುತ್ತಿಕೊಂಡು ಅಡುಗೆಮನೆ ಸೇರುತ್ತಾನೆ. ಕಳೆದ ಸಲ "ಅಕ್ಕಾ, ಒಂದು ತಿಂಗಳು ತಡವಾಗಿ ಕಳಿಸ್ತೀಯಾ? ಹುಡುಗನ ಪರೀಕ್ಷೆ" ಎಂದು ಕೇಳಿದ್ದಳು. "ಲೆಕ್ಕ ಅಂದ್ರೆ ಲೆಕ್ಕ ಕಣೇ" ಎಂದಿದ್ದೆ. ಹೂಂ ಎಂದು ಫೋನ್ ಇಟ್ಟಿದ್ದಳು.

ಅದೇ ಆರು ತಿಂಗಳು ಅವಳಿಗೆ ಎಷ್ಟು ಡಿಗ್ರಿ ಎಂದು ನಾನು ಅಳೆದಿರಲಿಲ್ಲ.

ಹಾಗಾದರೆ ಅಮ್ಮ ಪೂರ್ತಿ ನನ್ನಲ್ಲೇ ಇರಲಿ ಎನ್ನಲೇ? ಅದೂ ಅಷ್ಟು ಸುಲಭವಲ್ಲ. "ನಿನ್ನ ಮನೆ ಚಿಕ್ಕದು" ಎಂದು ಅವಳ ಮುಖಕ್ಕೇ ಹೇಳಿದಂತಾಗುತ್ತದೆ. ಅಮ್ಮನೇನು ಹೊರೆಯೇ, ಹೆಚ್ಚು ಬಲವಿದ್ದವರು ಹೆಚ್ಚು ಹೊರಲು? ತಂಗಿಗೂ ಅವಳು ಅಮ್ಮ. ಅಮ್ಮನನ್ನಂತೂ ನಾವಿಬ್ಬರೂ ಕೇಳಿರಲೇ ಇಲ್ಲ. ಬೆಳಿಗ್ಗೆ ಕೇಳಿದೆ. "ಅಲ್ಲಿ ಮಗು ಪಕ್ಕದಲ್ಲೇ ಓದ್ತಾ ಇರ್ತಾನೆ, ನಂಗೆ ನಿದ್ದೆ ಚೆನ್ನಾಗಿ ಬರುತ್ತೆ. ಆದ್ರೆ ಅವಳಿಗೆ ಸುಸ್ತಾಗುತ್ತೆ" ಎಂದರು.

ಕಟ್ಟಿಗೆ ಹಚ್ಚಿದ ಪಾಲಿಶ್ ಇನ್ನೂ ಒಣಗಿರಲಿಲ್ಲ. ತಂಗಿಗೆ ಫೋನ್ ಮಾಡಿ, "ಈ ಸಲ ಅಮ್ಮನನ್ನು ಯಾವಾಗ ಕಳಿಸಲಿ, ಎಷ್ಟು ದಿನಕ್ಕೆ, ನೀನೇ ಹೇಳು" ಎಂದೆ.

ಅವಳು ತುಸು ಹೊತ್ತು ಮಾತಾಡಲಿಲ್ಲ.

"ಯಾಕಕ್ಕಾ, ಏನಾಯ್ತು?" ಎಂದಳು.