ಉಜ್ಜುವುದಕ್ಕೂ ಒಂದು ಹೊತ್ತು

ಹತ್ತು ಗೂಟ ಉರುಳಿಸುವ ಅಮೆರಿಕದ ಬೌಲಿಂಗ್ ಆಟದಲ್ಲಿ ಚೆಂಡು ಓಡುವ 60 ಅಡಿ ಹಾದಿಗೆ ಕಣ್ಣಿಗೆ ಕಾಣದಷ್ಟು ತೆಳುವಾಗಿ ಎಣ್ಣೆ ಸವರಿರುತ್ತಾರೆ. ಎಣ್ಣೆ ಹೆಚ್ಚಾದರೆ ಚೆಂಡು ಜಾರುತ್ತದೆ. ಉಪ್ಪುಕಾಗದದಂಥ 500 ನಂಬರಿನ ಪ್ಯಾಡಿನಿಂದ ಉಜ್ಜಿ ಒರಟು ಮಾಡಿದರೆ ಹಿಡಿತ ಬರುತ್ತದೆ. ಹಾದಿ ಒಣಗಿದ್ದರೆ 4000 ನಂಬರಿನ ನುಣುಪು ಬೇಕು. ಒಳಗಿನ ತಿರುಳು ಮಾತ್ರ ಬದಲಾಗದು.

"ಸ್ವಲ್ಪ ಅಡ್ಜಸ್ಟ್ ಮಾಡಿಕೋ" ಎಂಬ ಮಾತು ಕೇಳುತ್ತಲೇ ಬೆಳೆದ ನಮಗೆ ಇದೇನು ಹೊಸತಲ್ಲ. ಹೊಂದಿಕೊಳ್ಳುವುದು ಸೋಲೂ ಅಲ್ಲ. ಆದರೆ ಅಲ್ಲಿನ ನಿಯಮವೊಂದು ನನ್ನನ್ನು ತಡೆದು ನಿಲ್ಲಿಸಿತು: ಅಧಿಕೃತ ಪಂದ್ಯ ಶುರುವಾದ ಮೇಲೆ ಚೆಂಡನ್ನು ಉಜ್ಜುವಂತಿಲ್ಲ. ಆಗ ಆಟಗಾರರೇ ನಿಂತ ಜಾಗ ಬದಲಿಸಿ, ಎಸೆತದ ವೇಗ ತಿದ್ದಿಕೊಳ್ಳುತ್ತಾರೆ.

ನಮ್ಮ ಮನೆಗಳಲ್ಲಿ ಆಟ ಶುರುವಾಗಿ ಮೂವತ್ತು ವರ್ಷವಾದರೂ ಉಜ್ಜುವುದು ನಿಂತಿಲ್ಲ. ಉಳಿದವರು ನಿಂತಲ್ಲಿಂದ ಒಂದು ಹೆಜ್ಜೆ ಸರಿಯಬಾರದೇ?