ಎತ್ತಿದ ಕೈಯನ್ನು ತಡೆದವನೇ ವೀರ



ವಿಂಧ್ಯಗಿರಿಯ ಸುಮಾರು 650 ಮೆಟ್ಟಿಲನ್ನು ಬರಿಗಾಲಲ್ಲಿ ಹತ್ತಿ ಬಂದವರ ಆಯಾಸವೆಲ್ಲ ಭಗವಾನ್ ಬಾಹುಬಲಿ ಸ್ವಾಮಿಯ ಮುಖ ನೋಡಿದ ಕೂಡಲೇ ಇಳಿದುಹೋಗುತ್ತದೆ. 58 ಅಡಿ ಎತ್ತರದ ಈ ಮೂರ್ತಿಯ ಕೈಯಲ್ಲಿ ಆಯುಧವಿಲ್ಲ. ಕ್ರಿ.ಶ. 981ರ ಸುಮಾರಿಗೆ ಇದನ್ನು ಮಾಡಿಸಿದವನು ಗಂಗರ ದಂಡನಾಯಕ ಚಾವುಂಡರಾಯ. ರಣರಂಗಸಿಂಗ ಎಂಬ ಬಿರುದಿದ್ದ ಆ ಸೇನಾಪತಿಯೇ, ಗೆದ್ದೂ ಯುದ್ಧ ಬಿಟ್ಟವನ ಮೂರ್ತಿಯನ್ನು ನಿಲ್ಲಿಸಿದನು.

ಕಥೆ ಎಲ್ಲರಿಗೂ ಗೊತ್ತೇ ಇದೆ. ಚಕ್ರವರ್ತಿ ಭರತನು ತನಗೆ ತಲೆಬಾಗು ಎಂದು ತಮ್ಮನಿಗೆ ಹೇಳಿ ಕಳಿಸಿದ. ಪೌದನಪುರದ ಬಾಹುಬಲಿ ಒಪ್ಪಲಿಲ್ಲ. ಎರಡು ಕಡೆಯ ಸೈನಿಕರು ಸುಮ್ಮನೆ ಸಾಯುವುದು ಬೇಡವೆಂದು ಮಂತ್ರಿಗಳು ಹೇಳಿದ್ದರಿಂದ ಅಣ್ಣತಮ್ಮಂದಿರೇ ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧ ಮಾಡಿದರು. ಮೂರರಲ್ಲೂ ತಮ್ಮನೇ ಗೆದ್ದ. ಮಲ್ಲಯುದ್ಧದಲ್ಲಿ ಅಣ್ಣನನ್ನು ಮೇಲಕ್ಕೆತ್ತಿದವನು ನೆಲಕ್ಕೆ ಅಪ್ಪಳಿಸಲಿಲ್ಲ. ಅವಮಾನ ತಾಳದ ಭರತ ಚಕ್ರವನ್ನೇ ಬಿಟ್ಟ. ಅದು ಬಾಹುಬಲಿಗೆ ಪ್ರದಕ್ಷಿಣೆ ಬಂದು ನಿಂತಿತು.

ತಪ್ಪು ಅಣ್ಣನದೇ. ತಿರುಗಿ ಹೊಡೆದಿದ್ದರೆ ಯಾರೂ ಬೇಡ ಅನ್ನುತ್ತಿರಲಿಲ್ಲ. ಆದರೆ ಬಾಹುಬಲಿ ತನ್ನೊಳಗೆ ನೋಡಿಕೊಂಡ. ಅಣ್ಣನನ್ನು ಈ ಗತಿಗೆ ತಂದ ರಾಜ್ಯದ ಆಸೆ ತನ್ನಲ್ಲೂ ಇದೆಯಲ್ಲ ಎಂದು ನಾಚಿದ. ಎಲ್ಲ ಬಿಟ್ಟು ತಪಸ್ಸಿಗೆ ನಿಂತ. ವರ್ಷ ಕಳೆಯಿತು, ಹುತ್ತ ಬೆಳೆಯಿತು, ಬಳ್ಳಿ ಹಬ್ಬಿತು. ಆದರೂ ಕೇವಲಜ್ಞಾನ ಬರಲಿಲ್ಲ. ತಾನು ನಿಂತಿರುವುದು ಅಣ್ಣನ ನೆಲದ ಮೇಲೆ ಎಂಬ ಒಂದು ಮುಳ್ಳು ಮನಸ್ಸಿನಲ್ಲಿ ಉಳಿದಿತ್ತಂತೆ. ಭರತನೇ ಬಂದು ನಮಸ್ಕರಿಸಿದಾಗ ಆ ಮುಳ್ಳು ಕಳಚಿತು.

ಇಂದೂ ಬದುವಿನ ಒಂದು ಗೇಣು ಜಾಗಕ್ಕೆ ಅಣ್ಣತಮ್ಮಂದಿರು ಮಚ್ಚು ಹಿಡಿಯುತ್ತಾರೆ. ಹೊರಗಿನ ಸಿಟ್ಟನ್ನು ಮನೆಗೆ ತಂದು ಹೆಂಡತಿ ಮಕ್ಕಳ ಮೇಲೆ ಕೈ ಮಾಡುವವರೂ ಇದ್ದಾರೆ. ಕೇಳಿದರೆ, "ಅವರೇ ಸಿಟ್ಟು ಬರಿಸಿದರು" ಅನ್ನುತ್ತಾರೆ. ಕಿಡಿ ಯಾರದ್ದೇ ಇರಲಿ, ಸೌದೆ ಒಟ್ಟಿಕೊಂಡವರು ಯಾರು?

ಹಾಗಂತ ಪೆಟ್ಟು ತಿನ್ನುವವರು ಸಹಿಸಿಕೊಂಡು ಬಿದ್ದಿರಬೇಕು ಎಂದು ಅರ್ಥವಲ್ಲ. ಬಾಹುಬಲಿಯೂ ಅನ್ಯಾಯಕ್ಕೆ ತಲೆಬಾಗಲಿಲ್ಲ. ಹೊಡೆತ ತಿನ್ನುವ ಹೆಣ್ಣುಮಗಳು ಹಿರಿಯರಿಗೆ, ಪೊಲೀಸರಿಗೆ ಹೇಳುವುದು ಪಾಪವಲ್ಲ. ಮೊದಲು ಒಳಗೆ ನೋಡಿಕೊಳ್ಳಬೇಕಾದವನು ಕೈ ಎತ್ತಿದವನು.

ಅದಕ್ಕೆ ಹಿರಿಯರು ಪ್ರತಿಕ್ರಮಣ ಎಂಬ ದಾರಿ ತೋರಿಸಿದ್ದಾರೆ. ಮಲಗುವ ಮುಂಚೆ ದೀಪದ ಮುಂದೆ ಐದು ನಿಮಿಷ ಕೂತು ಕೇಳಿಕೊಳ್ಳಬೇಕು: ಇವತ್ತು ಮನಸ್ಸು, ಮಾತು, ಕೈಯಿಂದ ಯಾರಿಗೆ ನೋವಾಯಿತು? ತಾನೇ ಮಾಡಿದ್ದೆಷ್ಟು, ಬೇರೆಯವರಿಂದ ಮಾಡಿಸಿದ್ದೆಷ್ಟು, ಯಾರೋ ಮಾಡಿದ್ದಕ್ಕೆ ಭೇಷ್ ಅಂದದ್ದೆಷ್ಟು? ಬೆಳಿಗ್ಗೆ ಎದ್ದು ನೋವಾದವರ ಹತ್ತಿರ ಹೋಗಿ ಕ್ಷಮೆ ಕೇಳಬೇಕು. ಕೇಳಿ ಮತ್ತೆ ಅದೇ ಕೈ ಎತ್ತಿದರೆ ಅದು ಕ್ಷಮೆಯಲ್ಲ, ಬರೀ ಬಾಯಿಮಾತು.

ಭಕ್ತರು ಬೆಟ್ಟ ಇಳಿಯುವಾಗ ಪ್ರಸಾದದ ಜೊತೆ ಒಂದು ಸಂಕಲ್ಪವನ್ನೂ ಮನೆಗೆ ಒಯ್ಯಲಿ. ಮುನಿದು ದೂರವಾದ ಅಣ್ಣನ ಮನೆ ಬಾಗಿಲಿಗೆ ಒಮ್ಮೆ ಹೋಗಿ ಬರಲಿ.

ಸ್ವಾಮಿಯ ಅನುಗ್ರಹದಿಂದ ಸರ್ವರಿಗೂ ಶಾಂತಿ ಲಭಿಸಲಿ.